ಕುಗ್ಗುವ ಪ್ಲಾಸ್ಟಿಕ್ ಮತ್ತು ರೋಗಪತ್ತೆ: ‘ಸಾವಿರ ಪಟ್ಟು’ ಎಂಬ ಸುದ್ದಿಯಲ್ಲಿ ಎಷ್ಟು ತಿರುಳಿದೆ?

ಬಾಟಲಿಗಳಿಗೆ ಬಿಗಿಯಾಗಿ ಸುತ್ತುವ, ಬಿಸಿ ತಾಗಿದರೆ ಕುಗ್ಗುವ ಪ್ಲಾಸ್ಟಿಕ್ ಹಾಳೆಯನ್ನು ಬಳಸಿ ರಕ್ತದಲ್ಲಿರುವ ರೋಗದ ಗುರುತುಗಳನ್ನು ಸಾವಿರ ಪಟ್ಟು ಚೆನ್ನಾಗಿ ಕಾಣಬಹುದು ಎಂಬ ಸುದ್ದಿ ವರ್ಷಗಳಿಂದ ಬೇರೆ ಬೇರೆ ರೂಪದಲ್ಲಿ ಓಡಾಡುತ್ತಿದೆ. ಮಕ್ಕಳ ಆಟಿಕೆಯಿಂದ ಎಚ್‌ಐವಿ ಪತ್ತೆ, ಅಡುಗೆಮನೆಯ ಒಲೆಯಲ್ಲಿ ತಯಾರಾಗುವ ಪ್ರಯೋಗಾಲಯ ಎಂಬಂತಹ ತಲೆಬರಹಗಳು ಅದರ ಜೊತೆಗೇ ಬರುತ್ತವೆ. ಓದಿದವರಿಗೆ ಎರಡು ಅನುಮಾನ ಮೂಡುವುದು ಸಹಜ. ಸಾಮಾನ್ಯ ಪ್ಲಾಸ್ಟಿಕ್ಕಿಗೆ ಇಂತಹ ಶಕ್ತಿ ಎಲ್ಲಿಂದ ಬಂತು? ಅದು ನಿಜವಾಗಿದ್ದರೆ ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಂದಿಗೂ ಹಳೆಯ ಪರೀಕ್ಷೆಗಳೇ ಏಕೆ ನಡೆಯುತ್ತಿವೆ?

ಮೊದಲನೆಯ ಪ್ರಶ್ನೆಗೆ ಭೌತವಿಜ್ಞಾನದಲ್ಲಿ ಸ್ಪಷ್ಟವಾದ ಉತ್ತರವಿದೆ. ಎರಡನೆಯದಕ್ಕೆ ಉತ್ತರ ಹುಡುಕಬೇಕಾದರೆ, ಸಾವಿರ ಪಟ್ಟು ಹೆಚ್ಚಿದ್ದು ಏನು ಎಂಬುದನ್ನು ಬಿಡಿಸಿ ನೋಡಬೇಕು. ಹೆಚ್ಚಿದ್ದು ಬೆಳಕು. ಬೆಳಕು ಹೆಚ್ಚಾದಷ್ಟೇ ಪ್ರಮಾಣದಲ್ಲಿ ಪತ್ತೆಯ ನಿಖರತೆಯೂ ಹೆಚ್ಚುತ್ತದೆ ಎಂದು ಭಾವಿಸುವಲ್ಲಿ ಗೊಂದಲ ಹುಟ್ಟುತ್ತದೆ.

ಆಟಿಕೆ ಪ್ರಯೋಗಾಲಯ ತಲುಪಿದ ಬಗೆ

1973ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬ್ರೂಕ್‌ಫೀಲ್ಡ್‌ನಲ್ಲಿ ಬೆಟ್ಟಿ ಮಾರಿಸ್ ಮತ್ತು ಕೇಟ್ ಬ್ಲೂಮ್‌ಬರ್ಗ್ ಎಂಬ ಇಬ್ಬರು ಮಹಿಳೆಯರು ‘ಶ್ರಿಂಕಿ ಡಿಂಕ್ಸ್’ ಎಂಬ ಆಟಿಕೆಯನ್ನು ರೂಪಿಸಿದರು. ಪಾಲಿಸ್ಟೈರೀನ್ ಹಾಳೆಯ ಮೇಲೆ ಚಿತ್ರ ಬಿಡಿಸಿ, ಕತ್ತರಿಸಿ ಒಲೆಯೊಳಗಿಟ್ಟರೆ ಅದು ಕುಗ್ಗಿ ಗಟ್ಟಿಯಾದ ಪುಟ್ಟ ಬಿಲ್ಲೆಯಾಗುತ್ತದೆ. ಅಮೆರಿಕದ ಒಂದು ತಲೆಮಾರು ಈ ಆಟದೊಂದಿಗೆ ಬೆಳೆಯಿತು.

ಅದನ್ನು ವಿಜ್ಞಾನದ ಕೆಲಸಕ್ಕೆ ತಂದವರಲ್ಲಿ ಮಿಶೆಲ್ ಕೈನ್ ಪ್ರಮುಖರು. ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮರ್ಸೆಡ್ ಆವರಣದಲ್ಲಿ ಪ್ರಾಧ್ಯಾಪಕಿಯಾಗಿ ಸೇರಿದಾಗ ಆ ಆವರಣವೇ ಹೊಸದು. ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 2005ರಲ್ಲಿ. ಅವರ ಕ್ಷೇತ್ರ ಮೈಕ್ರೋಫ್ಲೂಯಿಡಿಕ್ಸ್, ಅಂದರೆ ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳಲ್ಲಿ ದ್ರವ ಹರಿಸಿ ಪರೀಕ್ಷೆ ನಡೆಸುವ ವಿದ್ಯೆ. ಅಂತಹ ಕಾಲುವೆಗಳ ಅಚ್ಚನ್ನು ಸಾಮಾನ್ಯವಾಗಿ ಸಿಲಿಕಾನ್ ಬಿಲ್ಲೆಯ ಮೇಲೆ, ಧೂಳಿನ ಕಣವೂ ಸುಳಿಯದ ಕ್ಲೀನ್‌ರೂಮಿನಲ್ಲಿ, ಬೆಳಕಿನಿಂದ ಕೊರೆದು ತಯಾರಿಸುತ್ತಾರೆ. ಅವರ ಬಳಿ ಆ ಸೌಲಭ್ಯ ಇರಲಿಲ್ಲ. ಕಾಲುವೆಯ ನಕ್ಷೆಯನ್ನು ಲೇಸರ್ ಪ್ರಿಂಟರಿನಲ್ಲಿ ಆಟಿಕೆ ಹಾಳೆಯ ಮೇಲೆ ಮುದ್ರಿಸಿ, ರೊಟ್ಟಿ ಸುಡುವ ಸಣ್ಣ ವಿದ್ಯುತ್ ಒಲೆಯಲ್ಲಿಟ್ಟರು. ಹಾಳೆ ಕುಗ್ಗಿತು, ಶಾಯಿಯ ಗೆರೆ ಕಿರಿದಾಯಿತು, ಜೊತೆಗೆ ಎತ್ತರಕ್ಕೂ ಬೆಳೆಯಿತು. ಆ ಉಬ್ಬುಗೆರೆಯ ಮೇಲೆ ಸಿಲಿಕೋನ್ ರಬ್ಬರ್ ಸುರಿದು ಗಟ್ಟಿಯಾದ ಮೇಲೆ ಕಿತ್ತರೆ ಕಾಲುವೆ ಸಿದ್ಧ. ದಿನಗಟ್ಟಲೆ ಹಿಡಿಯುತ್ತಿದ್ದ ಅಚ್ಚಿನ ಕೆಲಸ ನಿಮಿಷಗಳಿಗೆ ಇಳಿಯಿತು. 2008ರಲ್ಲಿ ‘ಲ್ಯಾಬ್ ಆನ್ ಎ ಚಿಪ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಕೆಲಸ ಜಗತ್ತಿನ ಗಮನ ಸೆಳೆಯಿತು. ನಂತರ ಅವರು ಅದೇ ವಿಶ್ವವಿದ್ಯಾಲಯದ ಅರ್ವೈನ್ ಆವರಣಕ್ಕೆ ಹೋಗಿ, ಇನ್ನೂ ಹೆಚ್ಚು ಕುಗ್ಗುವ, ಸರಕು ಸುತ್ತಲು ಬಳಸುವ ಪಾಲಿಓಲೆಫಿನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಗಳತ್ತ ಹೊರಳಿದರು. ಬೆಳಕನ್ನು ಹೆಚ್ಚಿಸುವ ಸುದ್ದಿಗಳ ಮೂಲ ಈ ಎರಡನೆಯ ಹಂತದಲ್ಲಿದೆ.

ಬಿಸಿ ತಾಗಿದರೆ ಕುಗ್ಗುವುದೇಕೆ?

ಪ್ಲಾಸ್ಟಿಕ್ ಎಂದರೆ ಉದ್ದನೆಯ ಅಣುಸರಪಳಿಗಳ ರಾಶಿ. ತಮ್ಮ ಪಾಡಿಗೆ ಬಿಟ್ಟರೆ ಅವು ಸುರುಳಿ ಸುತ್ತಿಕೊಂಡೇ ಇರಲು ಬಯಸುತ್ತವೆ, ಏಕೆಂದರೆ ಸುರುಳಿಯಾಗಿರಲು ಅವುಗಳಿಗೆ ಅಸಂಖ್ಯ ದಾರಿಗಳಿವೆ, ನೇರವಾಗಿ ನಿಲ್ಲಲು ಕೆಲವೇ ದಾರಿಗಳು. ಕಾರ್ಖಾನೆಯಲ್ಲಿ ಬಿಸಿ ಹಾಳೆಯನ್ನು ಎರಡೂ ದಿಕ್ಕಿಗೆ ಹಿಗ್ಗಿಸಿ ಥಟ್ಟನೆ ತಣಿಸುತ್ತಾರೆ. ಹಿಗ್ಗಿದ ಸರಪಳಿಗಳು ಅದೇ ಸ್ಥಿತಿಯಲ್ಲಿ ಹೆಪ್ಪುಗಟ್ಟುತ್ತವೆ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮೃದುವಾಗತೊಡಗುತ್ತದೆ. ಅದಕ್ಕಿಂತ ಸಾಕಷ್ಟು ಮೇಲೆ, 160 ಡಿಗ್ರಿಯ ಆಸುಪಾಸಿನಲ್ಲಿ, ಸರಪಳಿಗಳು ಬಿಡುಗಡೆಯಾಗಿ ಮತ್ತೆ ಸುರುಳಿಯಾಗುತ್ತವೆ. ಹಾಳೆ ತನ್ನ ಮೂಲ ಗಾತ್ರಕ್ಕೆ ಮರಳುತ್ತದೆ.

ಹಾಳೆಯ ಉದ್ದ ಮತ್ತು ಅಗಲ ತಲಾ ಶೇ 60ರಷ್ಟು ಕುಗ್ಗಿದವು ಎನ್ನೋಣ. ಉಳಿಯುವುದು 0.4 ಗುಣಿಸು 0.4, ಅಂದರೆ ಮೂಲ ವಿಸ್ತೀರ್ಣದ ಶೇ 16. ವಸ್ತು ಎಲ್ಲಿಗೂ ಹೋಗಿಲ್ಲವಾದ್ದರಿಂದ ದಪ್ಪ ಆರು ಪಟ್ಟಿಗಿಂತ ಹೆಚ್ಚಾಗಲೇಬೇಕು. ಪಾಲಿಓಲೆಫಿನ್ ಹಾಳೆಗಳಲ್ಲಿ ವಿಸ್ತೀರ್ಣವೇ ಶೇ 95ರಷ್ಟು ಕುಗ್ಗಬಲ್ಲದು. ಆಗ ಮೇಲ್ಮೈಯಲ್ಲಿ ಉಳಿಯುವುದು ಇಪ್ಪತ್ತರಲ್ಲಿ ಒಂದು ಪಾಲು.

ಇದರಿಂದ ದಕ್ಕುವ ಅನುಕೂಲ ಹೀಗಿದೆ. ದೊಡ್ಡ ಗಾತ್ರದಲ್ಲಿ, ಸಾಮಾನ್ಯ ಉಪಕರಣಗಳಿಂದ ಮಾಡಿದ ಕೆಲಸವನ್ನು ಪ್ಲಾಸ್ಟಿಕ್ ತಾನೇ ಚಿಕ್ಕದಾಗಿಸಿ ಕೊಡುತ್ತದೆ. ಚಿಕ್ಕ ಗಾತ್ರಕ್ಕೆ ತನ್ನದೇ ಬೆಲೆಯಿದೆ: ಅಣುವೊಂದು ದ್ರವದಲ್ಲಿ ಅಲೆದಾಡುತ್ತ ಗೋಡೆ ಮುಟ್ಟಲು ತಗಲುವ ಸಮಯ ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. ದೂರ ಹತ್ತನೇ ಒಂದಕ್ಕೆ ಇಳಿದರೆ ಸಮಯ ನೂರನೇ ಒಂದಕ್ಕೆ ಇಳಿಯುತ್ತದೆ. ಗಂಟೆಗಟ್ಟಲೆ ಕಾಯಬೇಕಾದ ಪರೀಕ್ಷೆ ನಿಮಿಷಗಳಲ್ಲಿ ಮುಗಿಯಬಹುದಾದದ್ದು ಇದರಿಂದ. ಸುದ್ದಿಗಳು ಇದನ್ನು ಹೆಚ್ಚು ಹೇಳುವುದಿಲ್ಲ, ಆದರೆ ಈ ತಂತ್ರದ ಅತ್ಯಂತ ಭರವಸೆಯ ಲಾಭ ಇದೇ ಎನ್ನಬಹುದು.

ಸುಕ್ಕುಗಳಲ್ಲಿ ಸಿಕ್ಕಿಬೀಳುವ ಬೆಳಕು

ಹಾಳೆ ಕುಗ್ಗುವ ಮೊದಲು ಅದರ ಮೇಲೆ ಚಿನ್ನ, ಬೆಳ್ಳಿ ಅಥವಾ ಸಿಲಿಕಾದ ಅತಿ ತೆಳುವಾದ ಪದರ ಹಚ್ಚಿದರೆ ಏನಾಗುತ್ತದೆ? ಪ್ಲಾಸ್ಟಿಕ್ ಕುಗ್ಗುತ್ತದೆ, ಲೋಹವಾಗಲಿ ಗಾಜಿನಂತಹ ಸಿಲಿಕಾ ಆಗಲಿ ಕುಗ್ಗಲಾರವು. ಪಾತ್ರೆಯ ಹಾಲಿನ ಕೆನೆಯನ್ನು ಚಮಚದಿಂದ ಒಂದು ಬದಿಗೆ ತಳ್ಳಿದಾಗ ಅದು ನೆರಿಗೆಗಟ್ಟುವಂತೆ, ಆ ಪದರವೂ ಮಡಿಕೆ ಮಡಿಕೆಯಾಗಿ ಸುಕ್ಕುಗಟ್ಟುತ್ತದೆ. ಸಿಲಿಕಾ ಪೆಡಸಾದ್ದರಿಂದ ಅಲ್ಲಲ್ಲಿ ಬಿರುಕು ಬಿಟ್ಟು ಎಸಳುಗಳಂತೆ ಏಳುತ್ತದೆ. ಮಡಿಕೆಗಳ ನಡುವೆ ಉಳಿಯುವ ಕೆಲವು ಕಂದರಗಳ ಅಗಲ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಲೆಕ್ಕದ್ದು. ಅಷ್ಟು ಕಿರಿದಾದ ಕಂದರವನ್ನು ಕೊರೆಯಲು ದುಬಾರಿ ಯಂತ್ರ ಬೇಕಿತ್ತು; ಇಲ್ಲಿ ಒಲೆಯ ಬಿಸಿಯೇ ಆ ಕೆಲಸ ಮಾಡಿತು.

ರೋಗಪತ್ತೆಗೂ ಇದಕ್ಕೂ ಇರುವ ನಂಟು ಪ್ರತಿದೀಪ್ತಿ. ಅನೇಕ ಪರೀಕ್ಷೆಗಳಲ್ಲಿ ಹುಡುಕುವ ಪ್ರೋಟೀನನ್ನು ಒಂದು ಪ್ರತಿಕಾಯ (ನಿರ್ದಿಷ್ಟ ಅಣುವನ್ನು ಗುರುತಿಸಿ ಅಂಟುವ ಪ್ರೋಟೀನ್) ಹಿಡಿದಿಡುತ್ತದೆ, ಅದಕ್ಕೆ ಬಣ್ಣದ ಅಣು ಕಟ್ಟಿದ ಇನ್ನೊಂದು ಪ್ರತಿಕಾಯ ಬಂದು ಅಂಟಿಕೊಳ್ಳುತ್ತದೆ. ಒಂದು ಬಣ್ಣದ ಬೆಳಕು ಬಿಟ್ಟರೆ ಬಣ್ಣದ ಅಣು ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಆ ಹೊಳಪನ್ನು ಅಳೆದು ಪ್ರೋಟೀನ್ ಎಷ್ಟಿದೆ ಎಂದು ಲೆಕ್ಕ ಹಾಕುತ್ತಾರೆ. ಪ್ರೋಟೀನ್ ಬಹಳ ಕಡಿಮೆ ಇದ್ದರೆ ಹೊಳಪು ಮಸುಕಾಗಿ ಯಂತ್ರಕ್ಕೆ ಕಾಣಿಸುವುದಿಲ್ಲ.

ಲೋಹದ ಕಿರುಕಂದರಗಳಲ್ಲಿ ಬೆಳಕಿನ ವಿದ್ಯುತ್ ಕ್ಷೇತ್ರ ಒಂದೆಡೆ ಸಾಂದ್ರವಾಗುತ್ತದೆ. ಅಲ್ಲಿ ಕುಳಿತ ಬಣ್ಣದ ಅಣು ಹೆಚ್ಚು ಬೆಳಕು ಹೀರುತ್ತದೆ, ಹೀರಿದ್ದನ್ನು ಬೇಗ ಹೊರಸೂಸುತ್ತದೆ. ಆದರೆ ಅಣು ಲೋಹಕ್ಕೆ ತೀರಾ ಅಂಟಿಕೊಂಡರೆ ಅದರ ಶಕ್ತಿಯನ್ನು ಲೋಹವೇ ನುಂಗಿ ಹೊಳಪು ಆರಿಹೋಗುತ್ತದೆ. ಕೆಲವೇ ನ್ಯಾನೋಮೀಟರುಗಳ ಅಂತರ ಕಾಯ್ದುಕೊಳ್ಳಬೇಕಾದ ಈ ಕಷ್ಟ ಸಿಲಿಕಾದಲ್ಲಿ ಇಲ್ಲ. ಅದರ ಮಡಿಕೆಗಳು ಬೆಳಕನ್ನು ಚದುರಿಸಿ, ಒಳಗೇ ಹಿಡಿದಿಟ್ಟು ಹೊಳಪನ್ನು ಹೆಚ್ಚಿಸುತ್ತವೆ. ಗಾಜಿನ ಮೇಲೆ ಪ್ರತಿಕಾಯಗಳನ್ನು ಕೂರಿಸುವ ರಸಾಯನ ವಿಧಾನವೂ ಪ್ರಯೋಗಾಲಯಗಳಿಗೆ ಚೆನ್ನಾಗಿ ಪರಿಚಿತ. ಅರ್ವೈನ್‌ನ ತಂಡ ಚಿನ್ನ-ಬೆಳ್ಳಿಯ ಜೊತೆಗೆ ಸಿಲಿಕಾವನ್ನೂ ಕೈಗೆತ್ತಿಕೊಂಡದ್ದರ ಹಿಂದಿನ ತರ್ಕವನ್ನು ಹೀಗೆ ಅರ್ಥಮಾಡಿಕೊಳ್ಳಬಹುದು.

ಇನ್ನೊಂದು ವಿಷಯ. ಕುಗ್ಗಿಸುವ ಬಿಸಿಯನ್ನು ಪ್ರೋಟೀನುಗಳು ಸಾಮಾನ್ಯವಾಗಿ ತಾಳಲಾರವು. ಆದ್ದರಿಂದ ಮೊದಲು ಮೇಲ್ಮೈಯನ್ನು ಕುಗ್ಗಿಸಿ, ತಣಿದ ಮೇಲೆ ಪ್ರತಿಕಾಯ ಕೂರಿಸಿ, ಆಮೇಲೆ ಮಾದರಿಯನ್ನು ಹಾಕುವುದು ವಾಡಿಕೆ. ರಕ್ತದ ಹನಿಯನ್ನು ಹಾಳೆಯ ಜೊತೆ ಒಲೆಯಲ್ಲಿಟ್ಟು ಬೇಯಿಸುತ್ತಾರೆ ಎಂಬ ಕಲ್ಪನೆ ತಪ್ಪು.

ಸಾವಿರ ಪಟ್ಟು: ಯಾವುದಕ್ಕೆ ಹೋಲಿಸಿ?

ಒಂದು ಮೇಲ್ಮೈ ಸಾವಿರ ಪಟ್ಟು ಹೆಚ್ಚು ಹೊಳೆಯಿತು ಎಂಬ ಮಾತಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿರಬಹುದು.

ಮೊದಲನೆಯದು ದಟ್ಟಣೆ. ವಿಸ್ತೀರ್ಣ ಇಪ್ಪತ್ತನೇ ಒಂದಕ್ಕೆ ಇಳಿದಾಗ, ಇಪ್ಪತ್ತು ಚದರ ಸೆಂಟಿಮೀಟರಿನ ಸಿಲಿಕಾ ಪದರ ಈಗ ಒಂದು ಚದರ ಸೆಂಟಿಮೀಟರಿನಲ್ಲಿ ಮಡಚಿ ಕುಳಿತಿದೆ. ಅದರ ಮೇಲೆ ಅಷ್ಟೇ ಹೆಚ್ಚು ಅಣುಗಳು ಕೂರಬಲ್ಲವು. ಸಮತಟ್ಟಾದ ಗಾಜಿನ ಜೊತೆ ಹೋಲಿಸಿದಾಗ ಹೊಳಪಿನ ಇಪ್ಪತ್ತು ಪಟ್ಟು ಕೇವಲ ಜನಸಂದಣಿಯಿಂದ ಬಂದಿರಬಹುದು. ಸಾವಿರವನ್ನು ಇದರಿಂದ ಭಾಗಿಸಿದರೆ ಬೆಳಕಿನ ನಿಜವಾದ ವರ್ಧನೆ ಐವತ್ತು. ಐವತ್ತು ಕೂಡ ದೊಡ್ಡ ಸಂಖ್ಯೆಯೇ, ಆದರೆ ಸಾವಿರವಲ್ಲ.

ಎರಡನೆಯದು ಸರಾಸರಿಗೂ ಶಿಖರಕ್ಕೂ ಇರುವ ಅಂತರ. ಸುಕ್ಕುಗಳು ತಮಗೆ ತೋಚಿದಂತೆ ಮೂಡುತ್ತವೆ. ಒಂದು ಮಡಿಕೆಯಲ್ಲಿ ಹೊಳಪು ವಿಪರೀತ, ಪಕ್ಕದ ಮಡಿಕೆಯಲ್ಲಿ ಸಾಧಾರಣ. ಅತ್ಯಂತ ಹೊಳೆಯುವ ಜಾಗದ ಅಂಕಿ ಸುದ್ದಿಯ ತಲೆಬರಹಕ್ಕೆ ಏರುತ್ತದೆ. ಆದರೆ ರೋಗಿಯ ಮಾದರಿ ಹರಡಿಕೊಳ್ಳುವುದು ಇಡೀ ಮೇಲ್ಮೈಯ ಮೇಲೆ. ಹೀಗೆ ತಯಾರಾದ ಎರಡು ಪರೀಕ್ಷಾ ಬಿಲ್ಲೆಗಳ (ಚಿಪ್‌ಗಳ) ಅಳತೆ ಒಂದಕ್ಕೊಂದು ಹೊಂದದಿದ್ದರೆ, ಅಂಕಿ ಬದಲಾದದ್ದು ರೋಗದಿಂದಲೋ ಸುಕ್ಕಿನಿಂದಲೋ ಎಂದು ವೈದ್ಯರು ತಿಳಿಯುವುದು ಹೇಗೆ?

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹಿನ್ನೆಲೆಯ ಗದ್ದಲ. ರಕ್ತದಲ್ಲಿ ನಾವು ಹುಡುಕುವ ಪ್ರೋಟೀನ್ ಒಂದಿದ್ದರೆ ಬೇಡದ ಪ್ರೋಟೀನುಗಳು ಕೋಟಿಗಟ್ಟಲೆ. ಬಣ್ಣ ಕಟ್ಟಿದ ಪ್ರತಿಕಾಯ ಕೆಲವೊಮ್ಮೆ ತಪ್ಪು ಜಾಗಕ್ಕೂ ಅಂಟುತ್ತದೆ. ಸುಕ್ಕುಗಟ್ಟಿದ ಮೇಲ್ಮೈಗೆ ಸರಿಯಾದ ಅಂಟಿಕೆ ಯಾವುದು, ತಪ್ಪು ಅಂಟಿಕೆ ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ಅದು ಹೆಚ್ಚಿಸುತ್ತದೆ. ಅನೇಕ ಪ್ಲಾಸ್ಟಿಕ್‌ಗಳು ತಾವೇ ಸ್ವಲ್ಪ ಹೊಳೆಯುತ್ತವೆ ಕೂಡ. ಸಂಕೇತ ಸಾವಿರ ಪಟ್ಟು, ಗದ್ದಲ ಒಂಬೈನೂರು ಪಟ್ಟು ಏರಿದರೆ ಪತ್ತೆಯಲ್ಲಿ ಆದ ಲಾಭ ಅತ್ಯಲ್ಪ. ಅಳೆಯುವ ಯಂತ್ರದ ಒಳಗಿನ ಗದ್ದಲವೇ ಅಡ್ಡಿಯಾಗಿದ್ದ ಕಡೆ ಮಾತ್ರ ಹೊಳಪು ಹೆಚ್ಚಿಸುವುದರಿಂದ ನೇರ ಪ್ರಯೋಜನವಿದೆ. ಅಲ್ಲಿ ದುಬಾರಿ ಕ್ಯಾಮೆರಾದ ಬದಲು ಅಗ್ಗದ ಸಂವೇದಕ ಸಾಕಾಗಬಹುದು. ಈ ಲಾಭ ಸಣ್ಣದಲ್ಲ: ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಅಗ್ಗದ ಯಂತ್ರ ಸಿಗುವುದೆಂದರೆ ಪರೀಕ್ಷೆಯೇ ಸಿಗುವುದು.

ಬೆಳ್ಳಿಯಿಂದ ಹೊಳಪು ಹೆಚ್ಚಿಸಿದ ಒಂದು ಪರೀಕ್ಷೆಯ ಅನುಭವ

ಹೊಳಪು ಹೆಚ್ಚಿದಾಗ ರೋಗಿಗಳಿಗೆ ಏನಾಗುತ್ತದೆ ಎಂಬುದಕ್ಕೆ ಕ್ಷಯದ ಮೂತ್ರ ಪರೀಕ್ಷೆ ಒಳ್ಳೆಯ ನಿದರ್ಶನ. ಅಲ್ಲಿ ಕುಗ್ಗುವ ಪ್ಲಾಸ್ಟಿಕ್ ಇಲ್ಲ, ಆದರೆ ಪ್ರಶ್ನೆ ಇದೇ.

ಕ್ಷಯದ ಬ್ಯಾಕ್ಟೀರಿಯಾದ ಹೊರಕವಚದಲ್ಲಿರುವ ‘ಲ್ಯಾಮ್’ ಎಂಬ ಅಣು ಕೆಲವು ರೋಗಿಗಳ, ವಿಶೇಷವಾಗಿ ಎಚ್‌ಐವಿ ಇರುವವರ, ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಇದ್ದರೆ ಪಟ್ಟಿಯ ಮೇಲೆ ಗೆರೆ ಮೂಡಿಸುವ ಹಳೆಯ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಆಯ್ದ ರೋಗಿಗಳಿಗೆ ಶಿಫಾರಸು ಮಾಡಿತ್ತು. ಆಮೇಲೆ ಜಪಾನಿನ ಫ್ಯೂಜಿಫಿಲ್ಮ್ ಕಂಪನಿ ಫೋಟೋ ಫಿಲ್ಮಿನ ತನ್ನ ಹಳೆಯ ಬೆಳ್ಳಿಯ ವಿದ್ಯೆಯನ್ನು ಬಳಸಿ ಗೆರೆಯನ್ನು ಗಾಢವಾಗಿಸುವ ಹೊಸ ಪರೀಕ್ಷೆ ತಯಾರಿಸಿತು. ಹಳೆಯದಕ್ಕಿಂತ ಸುಮಾರು ಮೂವತ್ತು ಪಟ್ಟು ಕಡಿಮೆ ಲ್ಯಾಮ್ ಇದ್ದರೂ ಅದು ಹಿಡಿಯಬಲ್ಲದು. ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ದಾಖಲಾಗಿದ್ದ ಎಚ್‌ಐವಿ ಸೋಂಕಿತರ ಮಾದರಿಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳೆಯ ಪರೀಕ್ಷೆ ಕ್ಷಯ ಇದ್ದವರಲ್ಲಿ ಶೇ 42.3 ಮಂದಿಯನ್ನು ಗುರುತಿಸಿದರೆ ಹೊಸದು ಶೇ 70.4 ಮಂದಿಯನ್ನು ಗುರುತಿಸಿತು. ಕ್ಷಯ ಇಲ್ಲದವರನ್ನು ಇಲ್ಲವೆಂದೇ ಹೇಳುವ ಸಾಮರ್ಥ್ಯ ಮಾತ್ರ ಶೇ 95ರಿಂದ ಶೇ 90.8ಕ್ಕೆ ಇಳಿಯಿತು.

ಮೂವತ್ತು ಪಟ್ಟು ಸೂಕ್ಷ್ಮವಾದರೂ ಪತ್ತೆಯಾದವರ ಪ್ರಮಾಣ ಎರಡು ಪಟ್ಟಿಗೂ ಕಡಿಮೆ ಏರಿತು. ಕಾರಣ ಸರಳ: ಬಹಳ ಲ್ಯಾಮ್ ಇದ್ದವರನ್ನು ಹಳೆಯ ಪರೀಕ್ಷೆಯೂ ಹಿಡಿಯುತ್ತಿತ್ತು, ಅತಿ ಕಡಿಮೆ ಇದ್ದವರನ್ನು ಹೊಸದೂ ಹಿಡಿಯುವುದಿಲ್ಲ. ಲಾಭವಾದದ್ದು ನಡುವಿನವರಿಗೆ.

ಈ ಪ್ರಮಾಣಗಳನ್ನೇ ಇಟ್ಟುಕೊಂಡು ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಸಾವಿರ ಮಂದಿಯಲ್ಲಿ 300 ಮಂದಿಗೆ ಕ್ಷಯ ಇರುವ ಆಸ್ಪತ್ರೆಯ ವಾರ್ಡಿನಲ್ಲಿ ಹಳೆಯದು 127 ಮಂದಿಯನ್ನು ಹಿಡಿದರೆ ಹೊಸದು 211 ಮಂದಿಯನ್ನು ಹಿಡಿಯುತ್ತದೆ. ತಪ್ಪಾಗಿ ‘ಇದೆ’ ಎನ್ನಿಸಿಕೊಳ್ಳುವವರು 35ರಿಂದ 64ಕ್ಕೆ ಏರುತ್ತಾರೆ. ಎಂಬತ್ತನಾಲ್ಕು ಹೆಚ್ಚುವರಿ ರೋಗಿಗಳಿಗೆ ಚಿಕಿತ್ಸೆ ಸಿಗುವಾಗ ಈ ಬೆಲೆಯನ್ನು ಒಪ್ಪಬಹುದು. ಸಾವಿರದಲ್ಲಿ ಹತ್ತೇ ಮಂದಿಗೆ ರೋಗ ಇರುವ ಸಾಮಾನ್ಯ ಜನರ ನಡುವೆ ಇದೇ ಪ್ರಮಾಣ ಅನ್ವಯಿಸಿದರೆ ಚಿತ್ರವೇ ಬೇರೆ. ಪತ್ತೆಯಾದವರು ನಾಲ್ಕರಿಂದ ಏಳಕ್ಕೆ ಏರುತ್ತಾರೆ, ಸುಳ್ಳು ಪಾಸಿಟಿವ್ ಐವತ್ತರಿಂದ ತೊಂಬತ್ತೊಂದಕ್ಕೆ ಏರುತ್ತದೆ. ಮೂವರನ್ನು ಹೆಚ್ಚಾಗಿ ಕಂಡುಹಿಡಿಯಲು ನಲವತ್ತೊಂದು ಮಂದಿಯನ್ನು ಹೆಚ್ಚಾಗಿ ಹೆದರಿಸಬೇಕಾಗುತ್ತದೆ. ಪರೀಕ್ಷೆ ಅದೇ, ಹೊಳಪೂ ಅದೇ. ಯಾರ ನಡುವೆ ಬಳಸಿದೆವು ಎಂಬುದು ಫಲಿತಾಂಶವನ್ನು ಬದಲಾಯಿಸಿತು.

ಆಮೇಲಿನ ವರ್ಷಗಳಲ್ಲಿ ಬೇರೆ ಬೇರೆ ಕಂತುಗಳಲ್ಲಿ ತಯಾರಾದ ಆ ಹೊಸ ಪರೀಕ್ಷೆಯ ಕಿಟ್ಟುಗಳ ನಡುವೆ ಫಲಿತಾಂಶ ಏರುಪೇರಾಗುವುದೂ ಬೆಳಕಿಗೆ ಬಂತು. ದೊಡ್ಡ ಕಂಪನಿಯ ಕಾರ್ಖಾನೆಯಲ್ಲಿ ತಯಾರಾದ ಕಿಟ್ಟಿಗೇ ಏಕರೂಪತೆ ಇಷ್ಟು ಕಷ್ಟವಾದರೆ, ತಮ್ಮಷ್ಟಕ್ಕೆ ಮೂಡುವ ಸುಕ್ಕುಗಳ ಮೇಲೆ ನಿಂತ ಪರೀಕ್ಷೆ ಎದುರಿಸಬೇಕಾದ ಸವಾಲು ಎಂತಹದ್ದೆಂದು ಊಹಿಸಬಹುದು.

ಡೆಂಗಿಯ ಉದಾಹರಣೆ: ಇಲ್ಲದ್ದನ್ನು ಹೊಳೆಸಲಾಗದು

ಡೆಂಗಿ ವೈರಸ್ಸಿನ ಎನ್‌ಎಸ್‌1 ಎಂಬ ಪ್ರೋಟೀನನ್ನು ಹುಡುಕುವ ಪರೀಕ್ಷೆ ಕರ್ನಾಟಕದ ಓದುಗರಿಗೆ ಚೆನ್ನಾಗಿ ಗೊತ್ತು. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಈ ಎಲಿಸಾ (ಪ್ರೋಟೀನನ್ನು ಪ್ರತಿಕಾಯಗಳಿಂದ ಹಿಡಿದು ಬಣ್ಣದಿಂದ ತೋರಿಸುವ) ಪರೀಕ್ಷೆಗೆ ಖಾಸಗಿ ಪ್ರಯೋಗಾಲಯಗಳು 300 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು ಮಿತಿ ಹಾಕಿತು, ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಎಲಿಸಾ ನಡೆಯುವ 96 ಗುಳಿಗಳ ತಟ್ಟೆಯೂ ಸಾಮಾನ್ಯವಾಗಿ ಪಾಲಿಸ್ಟೈರೀನಿನದೇ. ಅಂದರೆ ಆಟಿಕೆಯ ಪ್ಲಾಸ್ಟಿಕ್ ರೋಗಪತ್ತೆಗೆ ಹೊಸ ಅತಿಥಿಯೇನಲ್ಲ. ಪ್ರೋಟೀನುಗಳು ಅದಕ್ಕೆ ಚೆನ್ನಾಗಿ ಅಂಟುತ್ತವೆ ಎಂಬ ಕಾರಣಕ್ಕೆ ದಶಕಗಳಿಂದ ಅದು ಪ್ರಯೋಗಾಲಯದಲ್ಲಿದೆ.

ಎನ್‌ಎಸ್‌1 ಜ್ವರದ ಮೊದಲ ಕೆಲವು ದಿನಗಳಲ್ಲಿ ರಕ್ತದಲ್ಲಿ ಹೆಚ್ಚಾಗಿರುತ್ತದೆ. ಎರಡನೇ ಸಲ ಡೆಂಗಿ ಬಂದವರಲ್ಲಿ ಹಳೆಯ ಪ್ರತಿಕಾಯಗಳು ಈ ಪ್ರೋಟೀನನ್ನು ಮೊದಲೇ ಸುತ್ತುವರಿದು ಮರೆಮಾಡುವುದರಿಂದ ಪರೀಕ್ಷೆ ‘ಇಲ್ಲ’ ಎನ್ನುವ ಸಾಧ್ಯತೆ ಹೆಚ್ಚು. ಇಲ್ಲಿ ಪ್ರೋಟೀನ್ ಕೈಗೆ ಸಿಗದಿರುವುದೇ ತೊಡಕು. ಸಿಗದ ಅಣುವಿಗೆ ಬಣ್ಣ ಅಂಟದು, ಬಣ್ಣ ಅಂಟದಿದ್ದರೆ ಸುಕ್ಕು ಏನನ್ನೂ ಹೆಚ್ಚಿಸಲಾರದು. ಹಾಗೆಯೇ ಜ್ವರ ಇಳಿಯುವ ಹೊತ್ತಿಗೆ ಪರೀಕ್ಷೆಗೆ ಬಂದವರಲ್ಲಿ ಎನ್‌ಎಸ್‌1 ಕಡಿಮೆಯಾಗಿರುತ್ತದೆ. ಅಂತಹ ಕಡೆ ಹೆಚ್ಚಿನ ಹೊಳಪು ಪತ್ತೆಯ ಅವಧಿಯನ್ನು ಸ್ವಲ್ಪ ಹಿಗ್ಗಿಸಬಹುದು. ಒಂದೇ ಪರೀಕ್ಷೆಯಲ್ಲಿ ಒಂದು ತೊಡಕಿಗೆ ಈ ತಂತ್ರ ಔಷಧಿ, ಇನ್ನೊಂದಕ್ಕೆ ನಿರುಪಯೋಗಿ.

ಮಾದರಿಯ ಗಾತ್ರವೂ ಇಂತಹದ್ದೇ ಮಿತಿ. ಒಂದು ಮಿಲಿಲೀಟರ್ ರಕ್ತದಲ್ಲಿ ಹತ್ತು ಬ್ಯಾಕ್ಟೀರಿಯಾಗಳಿವೆ ಎನ್ನೋಣ. ಬೆರಳು ಚುಚ್ಚಿ ತೆಗೆದ ಐವತ್ತು ಮೈಕ್ರೋಲೀಟರಿನ ಹನಿಯಲ್ಲಿ ಸರಾಸರಿ ಸಿಗುವುದು ಅರ್ಧ ಬ್ಯಾಕ್ಟೀರಿಯಾ. ಸಂಭಾವ್ಯತೆಯ ಲೆಕ್ಕದಂತೆ ಹತ್ತರಲ್ಲಿ ಆರು ಸಲ ಆ ಹನಿಯಲ್ಲಿ ಒಂದೂ ಇರುವುದಿಲ್ಲ. ಕಿರಿದಾದ ಬಿಲ್ಲೆ, ಸಣ್ಣ ಹನಿ ಎಂಬುದನ್ನು ಸದಾ ಗುಣವೆಂದೇ ಹೊಗಳುವ ಬರಹಗಳು ಈ ಲೆಕ್ಕವನ್ನು ಮರೆಯುತ್ತವೆ.

ಪ್ರತಿಯೊಂದು ಬಣದ ವಾದ

ಕುಗ್ಗುವ ಪ್ಲಾಸ್ಟಿಕ್ಕಿನ ಪರವಾಗಿರುವವರ ಮುಖ್ಯ ವಾದ ಸಮಾನ ಅವಕಾಶದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ದೊಡ್ಡ ಕ್ಲೀನ್‌ರೂಮ್ ಇದೆ, ಹೊರಗಿನ ಸಂಶೋಧಕರೂ ಅದನ್ನು ಬಳಸಲು ಸರ್ಕಾರದ ಯೋಜನೆಯ ಮೂಲಕ ಅವಕಾಶವಿದೆ. ಆದರೆ ದೂರದ ಊರಿನ ಕಾಲೇಜಿನ ವಿದ್ಯಾರ್ಥಿ ವಿನ್ಯಾಸವನ್ನು ಬೆಳಿಗ್ಗೆ ಬರೆದು, ಮಧ್ಯಾಹ್ನ ಪರೀಕ್ಷಿಸಿ, ಸಂಜೆ ತಿದ್ದಬೇಕೆಂದರೆ ಆ ಕಾಲೇಜಿನಲ್ಲೇ ಸಾಧನ ಇರಬೇಕು. ತಪ್ಪಿದರೆ ಮತ್ತೆ ಮಾಡುವ ಬೆಲೆ ಕಡಿಮೆಯಾದಾಗ ಹೊಸ ವಿಚಾರಗಳನ್ನು ಪರೀಕ್ಷಿಸುವ ಧೈರ್ಯ ಹೆಚ್ಚುತ್ತದೆ. ಈ ವಾದದಲ್ಲಿ ಹುರುಳಿದೆ. ತಂತ್ರ ಹುಟ್ಟಿದ್ದೇ ಸೌಲಭ್ಯದ ಕೊರತೆಯಿಂದ ಎಂಬುದು ಅದಕ್ಕೆ ಸಾಕ್ಷಿ.

ಉದ್ಯಮದವರ ಪ್ರತಿವಾದವೂ ಅಷ್ಟೇ ಗಟ್ಟಿ. ಹತ್ತು ಬಿಲ್ಲೆ ಮಾಡಲು ಒಲೆ ಅಗ್ಗ. ಹತ್ತು ಲಕ್ಷ ಮಾಡಬೇಕಾದರೆ ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ನುಗ್ಗಿಸುವ ಮಾಮೂಲಿ ಕಾರ್ಖಾನೆ ವಿಧಾನವೇ ಅಗ್ಗ, ಅದು ಪ್ರತಿ ಸಲ ಒಂದೇ ಅಳತೆಯನ್ನೂ ಕೊಡುತ್ತದೆ. ಕುಗ್ಗುವ ಹಾಳೆ ಒಂದು ಬದಿಗೆ ಕೊಂಚ ಹೆಚ್ಚು ಎಳೆದುಕೊಂಡರೂ ಕಾಲುವೆಯ ಅಗಲ ಬದಲಾಗುತ್ತದೆ. ಕಿಟ್ಟಿನ ಬೆಲೆಯಲ್ಲಿ ಪ್ಲಾಸ್ಟಿಕ್ಕಿನ ಪಾಲೇ ಸಣ್ಣದು ಎಂಬುದನ್ನೂ ಅವರು ನೆನಪಿಸುತ್ತಾರೆ. ಒಳ್ಳೆಯ ಪ್ರತಿಕಾಯ, ಅದನ್ನು ಕೆಡದಂತೆ ಇಡುವ ಶೀತಲ ಸರಪಳಿ, ಗುಣಮಟ್ಟ ಪರೀಕ್ಷೆ, ಪರವಾನಗಿ, ಸಾಗಣೆ ಇವುಗಳಿಗೆ ಹಣ ಹೋಗುತ್ತದೆ. ಹಾಳೆ ಉಚಿತವಾಗಿ ಸಿಕ್ಕರೂ ಈ ಖರ್ಚು ತಪ್ಪದು. ಅಗ್ಗದ ತಯಾರಿಕೆ ಎಂಬುದನ್ನು ಅಗ್ಗದ ಪರೀಕ್ಷೆ ಎಂದು ಓದಿಕೊಳ್ಳುವುದು ಈ ಸುದ್ದಿಗಳಲ್ಲಿ ಆಗುವ ಎರಡನೆಯ ದೊಡ್ಡ ತಪ್ಪು.

ಮೂರನೆಯ ಬಣ ಬೇರೆ ದಾರಿಗಳನ್ನೇ ಹಿಡಿದಿದೆ. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ 2007ರಲ್ಲಿ ಕಾಗದವನ್ನೇ ಕಾಲುವೆಯಾಗಿಸುವ ವಿಧಾನ ತೋರಿಸಿತು. ಕಾಗದ ದ್ರವವನ್ನು ತಾನೇ ಹೀರಿ ಸಾಗಿಸುತ್ತದೆ, ಸುಟ್ಟರೆ ಬೂದಿಯಾಗುತ್ತದೆ. ಇನ್ನು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿಪಡಿಸಿದ, ಗೋವಾದ ಮೋಲ್‌ಬಯೋ ಕಂಪನಿ ತಯಾರಿಸುವ ‘ಟ್ರೂನ್ಯಾಟ್’ ಬೆಳಕಿನ ಬದಲು ಅಣುವನ್ನೇ ಹೆಚ್ಚಿಸುತ್ತದೆ. ಅದು ಬ್ಯಾಟರಿಯಿಂದ ನಡೆಯುವ, ಪುಟ್ಟ ಬಿಲ್ಲೆಯ ಮೇಲೆ ನಡೆಯುವ ಪಿಸಿಆರ್, ಅಂದರೆ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡಿ ಪತ್ತೆಹಚ್ಚುವ ಪರೀಕ್ಷೆ. ಪ್ರತಿ ಸುತ್ತಿಗೂ ಡಿಎನ್‌ಎ ದುಪ್ಪಟ್ಟಾಗುತ್ತದೆ. ಮೂವತ್ತು ಸುತ್ತಿಗೆ ಒಂದು ಪ್ರತಿ ನೂರು ಕೋಟಿ ದಾಟುತ್ತದೆ. ಕ್ಷಯ ಪತ್ತೆಗೆ ಇದನ್ನು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅನುಮೋದಿಸಿತು. ನೂರು ಕೋಟಿಯ ಮುಂದೆ ಸಾವಿರ ಪಟ್ಟು ಏನು ಮಹಾ ಎಂದು ಯಾರಾದರೂ ಕೇಳಬಹುದು.

ಉತ್ತರ ಹೀಗಿದೆ: ಪ್ರೋಟೀನನ್ನು ಪಿಸಿಆರ್‌ನಂತೆ ನಕಲು ಮಾಡಲು ಬರುವುದಿಲ್ಲ. ಹೃದಯಾಘಾತದಲ್ಲಿ ರಕ್ತಕ್ಕೆ ಸೇರುವ ಟ್ರೋಪೋನಿನ್, ಎಚ್‌ಐವಿಯ ಪಿ24, ಡೆಂಗಿಯ ಎನ್‌ಎಸ್‌1 ಇವೆಲ್ಲ ಪ್ರೋಟೀನುಗಳು. ಇರುವಷ್ಟು ಅಣುಗಳಿಂದಲೇ ಹೆಚ್ಚು ಸಂಕೇತ ಹೊರಡಿಸಬೇಕು. ಸುಕ್ಕುಗಟ್ಟಿದ ಮೇಲ್ಮೈಗೆ ನಿಜವಾದ ಜಾಗ ಇರುವುದು ಅಲ್ಲಿ. ಅದನ್ನು ಪಿಸಿಆರ್‌ನ ಸ್ಪರ್ಧಿ ಎಂದು ನೋಡುವುದಕ್ಕಿಂತ ಎಲಿಸಾದ ಉತ್ತರಾಧಿಕಾರಿಯಾಗಬಲ್ಲದೇ ಎಂದು ಕೇಳುವುದು ಸರಿ.

ಪ್ಲಾಸ್ಟಿಕ್ ಕಸದ ಆಕ್ಷೇಪವೂ ಕೇಳಿಬರುತ್ತದೆ. ಒಂದು ಬಿಲ್ಲೆಯ ಪ್ಲಾಸ್ಟಿಕ್ ಆಸ್ಪತ್ರೆಯ ಸಿರಿಂಜು, ಕೈಗವಸುಗಳ ಮುಂದೆ ಅತ್ಯಲ್ಪ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಅದಕ್ಕೂ ಅನ್ವಯಿಸುತ್ತವೆ. ಈ ತಂತ್ರದ ಹಣೆಬರಹ ಕಸದಿಂದ ತೀರ್ಮಾನವಾಗಲಾರದು.

ಮುಂದೆ ಏನಾಗಬಹುದು?

ಸದ್ಯಕ್ಕೆ ಕುಗ್ಗುವ ಪ್ಲಾಸ್ಟಿಕ್ ಗಟ್ಟಿಯಾಗಿ ನೆಲೆಯೂರಿರುವುದು ಸಂಶೋಧನೆ ಮತ್ತು ಬೋಧನೆಯಲ್ಲಿ. ಹೊಸ ಬಿಲ್ಲೆಯ ವಿನ್ಯಾಸ ಸರಿಯಿದೆಯೇ ಎಂದು ಮೊದಲು ಹಾಳೆಯಲ್ಲಿ ಮಾಡಿ ನೋಡಿ, ಆಮೇಲೆ ಕಾರ್ಖಾನೆಯ ಅಚ್ಚಿಗೆ ಹೋಗುವುದು ಜಾಣತನದ ದಾರಿ. ಅಂತಹ ಕಡೆ ಅದು ಅಂತಿಮ ಉತ್ಪನ್ನದಲ್ಲಿ ಕಾಣಿಸದೆಯೂ ಉಪಕಾರ ಮಾಡಿರುತ್ತದೆ. ಸುಕ್ಕುಗಟ್ಟಿದ ಲೋಹದ ಪದರವನ್ನು ಮೃದುವಾದ ಸಿಲಿಕೋನಿಗೆ ವರ್ಗಾಯಿಸಿ, ಮೈಗೆ ಅಂಟಿಸಿ ಉಸಿರಾಟ ಅಳೆಯುವ ಸಂವೇದಕಗಳನ್ನೂ ಕೈನ್ ಅವರ ತಂಡ ರೂಪಿಸಿದೆ. ಅಲ್ಲಿ ಸುಕ್ಕು ಹರಿಯದೆ ಹಿಗ್ಗಲು ನೆರವಾಗುತ್ತದೆ, ಬೆಳಕಿನ ಏಕರೂಪತೆಯ ಕಾಟವೂ ಇಲ್ಲ. ರೋಗಪತ್ತೆಗಿಂತ ಮೊದಲು ಈ ದಾರಿ ಮಾರುಕಟ್ಟೆ ತಲುಪಿದರೆ ಆಶ್ಚರ್ಯವಿಲ್ಲ.

ರೋಗಪತ್ತೆಯ ಕಿಟ್ಟಾಗಿ ಬರಬೇಕಾದರೆ ದಾರಿ ಉದ್ದ. ಭಾರತದಲ್ಲಿ ಇಂತಹ ಕಿಟ್ಟುಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿಯಲ್ಲಿ ಬರುತ್ತವೆ. ತಪ್ಪು ಫಲಿತಾಂಶದಿಂದ ಆಗುವ ಅಪಾಯಕ್ಕೆ ತಕ್ಕಂತೆ ಎ ಇಂದ ಡಿ ವರೆಗೆ ನಾಲ್ಕು ವರ್ಗಗಳಿವೆ. ಪರವಾನಗಿ ಕೊಡುವವರು ಬಿಲ್ಲೆ ಎಷ್ಟು ಪಟ್ಟು ಹೊಳೆಯಿತು ಎಂಬುದಕ್ಕಿಂತ, ರೋಗ ಇದ್ದವರಲ್ಲಿ ಎಷ್ಟು ಮಂದಿಯನ್ನು ಹಿಡಿಯಿತು, ಇಲ್ಲದವರಲ್ಲಿ ಎಷ್ಟು ಮಂದಿಗೆ ‘ಇಲ್ಲ’ ಎಂದೇ ಹೇಳಿತು, ಈ ತಿಂಗಳು ತಯಾರಾದ ಕಿಟ್ಟಿಗೂ ಮುಂದಿನ ತಿಂಗಳಿನದಕ್ಕೂ ಫಲಿತಾಂಶ ಹೊಂದುತ್ತದೆಯೇ, ಬೇಸಿಗೆಯಲ್ಲಿ ಫ್ರಿಜ್ ಇಲ್ಲದ ಕೋಣೆಯಲ್ಲಿಟ್ಟರೆ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದನ್ನು ನೋಡುತ್ತಾರೆ. ಇವುಗಳಿಗೆ ಉತ್ತರ ಸಿಗುವುದು ನೂರಾರು ರೋಗಿಗಳ ಮಾದರಿಗಳ ಮೇಲೆ ನಡೆಯುವ, ನಿಧಾನದ, ತಲೆಬರಹಕ್ಕೆ ಏರದ ಕೆಲಸದಿಂದ. ಪ್ರಯೋಗಾಲಯದ ಶುದ್ಧ ದ್ರಾವಣದಲ್ಲಿ ಹೊಳೆದ ಮೇಲ್ಮೈ ರೋಗಿಯ ರಕ್ತದಲ್ಲಿ, ಮೂತ್ರದಲ್ಲಿ, ಕಫದಲ್ಲಿಯೂ ಹಾಗೆಯೇ ಹೊಳೆಯುತ್ತದೆಯೇ ಎಂಬ ಅಧ್ಯಯನಗಳು ಬಂದಾಗ ಈ ತಂತ್ರದ ಬೆಲೆ ತಿಳಿಯುತ್ತದೆ. ಆ ಅಧ್ಯಯನಗಳಿಗೆ ಹಣ ಹೊಂದಿಸುವುದು ಒಲೆಯಲ್ಲಿ ಹಾಳೆ ಕುಗ್ಗಿಸುವಷ್ಟು ಅಗ್ಗದ ಕೆಲಸವಲ್ಲ. ಸಾರ್ವಜನಿಕ ಹಣ ಮತ್ತು ಸರ್ಕಾರಿ ಆಸ್ಪತ್ರೆಗಳ ಸಹಕಾರ ಎರಡೂ ಬೇಕಾಗುತ್ತವೆ.